ಏರಿ ಮೇಲೆ ಕುರಿಮರಿ, ಕುರಿಮರಿ ಮೇಲೆ ಹೊಗೆ

ತರೀಕೆರೆ ಏರಿಯ ಮೇಲೆ ನಿಂತಿದ್ದ ಮೂರು ಕರಿ ಕುರಿಮರಿಗಳಲ್ಲಿ ನಡುವಿನದಕ್ಕೆ ಹೊಗೆ ಬಂತು. ಏರಿ ಥರ್ಮಾಕೋಲಿನದು, ಮರಿ ಹತ್ತಿಯದು, ಹೊಗೆ ಮಾತ್ರ ಅಸಲಿ. ಕನ್ನಡದ ಮಕ್ಕಳ ನಾಲಿಗೆಯನ್ನು ತಲೆಮಾರುಗಳಿಂದ ತೊಡರಿಸುತ್ತ ಬಂದ ಆ ಬಡಪಾಯಿ ಮರಿಗಳನ್ನು ಒಬ್ಬ ಅಪ್ಪ, ಮಗಳ ಶಾಲೆಯ ವಸ್ತುಪ್ರದರ್ಶನಕ್ಕೆಂದು ರಾತ್ರಿ ಹನ್ನೊಂದರ ಮೇಲೆ ಕೂತು ಮಾಡುತ್ತಿದ್ದ. ಹತ್ತಿಯನ್ನು ಕಪ್ಪು ಮಸಿಯಲ್ಲಿ ಅದ್ದಿ, ಹಿಂಡಿ, ಫ್ಯಾನಿನ ಕೆಳಗೆ ಒಣಗಿಸಿ, ಉಂಡೆ ಕಟ್ಟಿ, ಬೆಂಕಿಕಡ್ಡಿಯ ಕಾಲು ಸಿಕ್ಕಿಸಿದ್ದ. ಕಾಲು ಅಲ್ಲಾಡುತ್ತಿತ್ತು. ಅಲ್ಲಾಡುವುದೆಲ್ಲಕ್ಕೂ ನಮ್ಮಲ್ಲಿ ಮದ್ದು ಒಂದೇ, ಫೆವಿಕ್ವಿಕ್. ಧಾರಾಳವಾಗಿ ಹಿಂಡಿದ. ಹತ್ತಿ ಬಿಸಿಯಾಯಿತು, ಬೆರಳು ಚುರುಕ್ಕೆಂದಿತು, ಮರಿ ಹೊಗೆಯಾಡತೊಡಗಿತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅತ್ತೆಯವರು ಎದ್ದು ಬಂದು, ಯಾರದೋ ದೃಷ್ಟಿ ತಗುಲಿದೆ ಅಂದರು.

ದೃಷ್ಟಿ ಅಲ್ಲ, ರಸಾಯನಶಾಸ್ತ್ರ. ಫೆವಿಕ್ವಿಕ್ಕಿನ ಟ್ಯೂಬಿನಲ್ಲಿರುವ ಸೈನೋಅಕ್ರಿಲೇಟ್ ಗಾಳಿಗೆ ಒಣಗುವ ಅಂಟಲ್ಲ. ತೇವ ಸೋಕಿದ ಕೂಡಲೇ ತನ್ನೊಳಗೇ ಸರಪಳಿ ಹೆಣೆದುಕೊಂಡು ಗಟ್ಟಿಯಾಗುವಂಥದ್ದು. ಹಾಗೆ ಹೆಣೆದುಕೊಳ್ಳುವಾಗ ಬಿಸಿ ಬಿಡುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಒಂದು ಹನಿ ಬಿದ್ದರೆ ಆ ಬಿಸಿ ಯಾರಿಗೂ ತಿಳಿಯದು. ಹತ್ತಿಯ ಸಾವಿರಾರು ಎಳೆಗಳ ಮೇಲೆ ಹರಡಿಕೊಂಡರೆ ಅಷ್ಟೂ ಅಂಟು ಒಂದೇ ಏಟಿಗೆ ಗಟ್ಟಿಯಾಗಿ, ಚರ್ಮ ಸುಡುವಷ್ಟು, ಹೊಗೆ ಏಳುವಷ್ಟು ಕಾವು ಹುಟ್ಟುತ್ತದೆ. ಹತ್ತಿ ಬಟ್ಟೆ, ಉಣ್ಣೆ ಎಲ್ಲಕ್ಕೂ ಇದೇ ಗತಿ. ಇನ್ನು ಬೆರಳಿಗೆ ಅಂಟಿದ್ದನ್ನು ಪಂಚೆಗೆ ಒರೆಸಿಕೊಳ್ಳುವವರು ಎಲ್ಲೆಲ್ಲಿ ಸುಟ್ಟುಕೊಂಡರೆಂಬುದು ಮರ್ಯಾದಸ್ಥರ ಪತ್ರಿಕೆಯಲ್ಲಿ ಬರೆಯುವ ವಿಷಯವಲ್ಲ.

ಹೀಗೆ ಮಾಡೆಲ್ ಮಾಡುವುದನ್ನು ಬೆಂಗಳೂರಿನಲ್ಲಿ ಹವ್ಯಾಸ ಅನ್ನುತ್ತಾರೆ. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬಿಡಿಭಾಗಗಳು ಸಾಲಾಗಿ ಕೂತು ಬರುವ ಡಬ್ಬಗಳನ್ನು ಹೊರದೇಶದಿಂದ ತರಿಸಿ, ಪುಟ್ಟ ಇಕ್ಕಳ, ಚಿಮಟ, ಭೂತಗನ್ನಡಿ ಇಟ್ಟುಕೊಂಡು, ತಿಂಗಳುಗಟ್ಟಲೆ ಕೂತು ಯುದ್ಧವಿಮಾನ ಜೋಡಿಸುವ ಮಹನೀಯರು ಅಲ್ಲಿದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಈ ಹವ್ಯಾಸವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಅದು ಶಾಲೆಯ ಡೈರಿಯಲ್ಲಿ ಬರೆದು ಬರುತ್ತದೆ. ಸೋಮವಾರ ಬರೆದದ್ದು ಅಪ್ಪನ ಕಿವಿಗೆ ಬೀಳುವುದು ಗುರುವಾರ ರಾತ್ರಿ, ಎರಡನೇ ಮುದ್ದೆ ಮುರಿಯುವಾಗ.

“ಅಪ್ಪಾ, ನಾಳೆ ಮಾಡೆಲ್ ತರ್ಬೇಕಂತೆ.”

“ಯಾವಾಗ ಹೇಳಿದ್ರು?”

“ಸೋಮವಾರ.”

“ಏನ್ರೀ, ಅಂಗಡಿ ಮುಚ್ಚೋದ್ರೊಳಗೆ ಹೋಗ್ಬನ್ನಿ” ಎಂದು ಅಡುಗೆಮನೆಯಿಂದ ಆಜ್ಞೆ. ಸ್ಕೂಟರು ಹೊರಡುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟೇಷನರಿ ಅಂಗಡಿಯ ಶಟರು ಅರ್ಧ ಇಳಿದಿರುತ್ತದೆ. ಅಪ್ಪ ಬಗ್ಗಿ ಒಳಗೆ ತೂರಿ, ಥರ್ಮಾಕೋಲಿಗೆ ಯಾವ ಗಮ್ ಹಿಡಿಯುತ್ತೆ ಎಂದು ಕೇಳುತ್ತಾನೆ.

“ಎಲ್ಲಾನೂ ಹಿಡಿಯುತ್ತೆ ಸಾರ್.”

“ಕರಗಲ್ವಾ?”

“ನಿನ್ನೆ ನಿಮ್ಮಂಗೇ ಒಬ್ರು ತಗಂಡೋದ್ರು. ವಾಪಸ್ ಬಂದಿಲ್ಲ.”

ವಾಪಸ್ ಬಾರದ ಗಿರಾಕಿ ತೃಪ್ತ ಗಿರಾಕಿ. ಆತ ಮನೆಯಲ್ಲಿ ಹೆಬ್ಬೆರಳು ತೋರುಬೆರಳು ಬಿಡಿಸಿಕೊಳ್ಳುತ್ತ ಕೂತಿರಬಹುದು ಎಂಬುದು ಅಂಗಡಿಯ ಲೆಕ್ಕಕ್ಕೆ ಬರುವುದಿಲ್ಲ.

ಥರ್ಮಾಕೋಲ್ ಕರಗುತ್ತದೆ ಸ್ವಾಮಿ. ಚೆನ್ನಾಗಿಯೇ ಕರಗುತ್ತದೆ. ಬೆಂಗಳೂರಿನವರ ವಿಮಾನದ ಪ್ಲಾಸ್ಟಿಕ್ಕೂ ನಮ್ಮ ಥರ್ಮಾಕೋಲೂ ಒಂದೇ ಮನೆತನ, ಎರಡೂ ಪಾಲಿಸ್ಟೈರೀನ್. ವಿಮಾನದ್ದು ಗಟ್ಟಿ, ನಮ್ಮದರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕಿ ಬರೀ ಗಾಳಿ. ಅವರು ಬಳಸುವ ಅಂಟಿನ ಕೆಲಸವೇ ಪ್ಲಾಸ್ಟಿಕ್ಕನ್ನು ತುಸು ಕರಗಿಸಿ ಎರಡು ಅಂಚನ್ನು ಒಂದು ಮಾಡುವುದು. ಅಲ್ಲಿ ಬೆಸುಗೆ ಅನ್ನಿಸಿಕೊಂಡದ್ದು ನಮ್ಮ ಥರ್ಮಾಕೋಲಿನ ಮೇಲೆ ಗುಂಡಿ ತೋಡುತ್ತದೆ. ಫೆವಿಕ್ವಿಕ್ ಬಿದ್ದರೂ ಅಷ್ಟೇ. ಕುರಿಮರಿಗಳ ಅಪ್ಪ ಮೂರನೇ ಮರಿಯ ಕಾಲನ್ನು ಏರಿಗೆ ಅಂಟಿಸಹೋದಾಗ ಮೊದಲು ಒಂದು ಕುಳಿ ಬಿತ್ತು, ಕುಳಿ ಬಿಲವಾಯಿತು, ಮರಿ ಕಾಲು ಜಾರಿ ಒಳಗೆ ಹೋಯಿತು. ನಿಜವಾದ ಕೆರೆಯ ಏರಿ ಹೀಗೆ ಒಡೆಯಬೇಕಾದರೆ ಎಷ್ಟು ವರ್ಷದ ದುರಸ್ತಿ ಬಿಲ್ಲುಗಳು ಪಾಸಾಗಬೇಕು! ಇಲ್ಲಿ ಒಂದೇ ಟ್ಯೂಬಿನಲ್ಲಿ ಕೆಲಸ ಮುಗಿಯಿತು.

ಈ ಅಂಟಿನ ಹುಟ್ಟಿನ ಕಥೆಯೂ ಇಂಥದ್ದೇ. 1942ರಲ್ಲಿ, ಯುದ್ಧದ ನಡುವೆ, ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಿಕ್ಕಿದ್ದು ಸೈನೋಅಕ್ರಿಲೇಟ್. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ, ಯಾವುದಕ್ಕೂ ಬಾರದು ಎಂದು ಬದಿಗಿಟ್ಟರು. ಅದೇ ದುರ್ಗುಣವನ್ನು ಸದ್ಗುಣವೆಂದು ಮಾರಾಟಕ್ಕೆ ತಂದದ್ದು 1958ರಲ್ಲಿ. ಅತಿಯಾಗಿ ಅಂಟುತ್ತದೆ ಎಂಬ ಆ ದೂರು ಕಡೂರಿನಲ್ಲಿ ಇವತ್ತಿಗೂ ಬೆರಳಿನ ಮಟ್ಟಿಗೆ ಮಾತ್ರ ನಿಜ. ಮಾಡೆಲಿನ ಮಟ್ಟಿಗೆ ಯಾರೂ ಹೇಳಿದ್ದಿಲ್ಲ.

ಬೆರಳಿನ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಅಂಟಿದ ಬೆರಳನ್ನು ಎಳೆಯಬಾರದು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿಟ್ಟು ಮೆಲ್ಲನೆ ಹೊರಳಿಸಿ ಬಿಡಿಸಬೇಕು. ಮನೆಯಲ್ಲಿ ನೇಲ್‌ಪಾಲಿಶ್ ತೆಗೆಯುವ ಅಸಿಟೋನ್ ಇದ್ದರೆ ಅದೂ ಬಿಡಿಸುತ್ತದೆ. ಆದರೆ ಅದೇ ಅಸಿಟೋನಿನ ಕೈ ಥರ್ಮಾಕೋಲನ್ನು ಮುಟ್ಟಿದರೆ ಬೆರಳು ಉಳಿದು ಮಾಡೆಲ್ ಹೋಗುತ್ತದೆ. ಟ್ಯೂಬಿನ ತುದಿಯನ್ನು ಹಲ್ಲಿನಿಂದ ಕಚ್ಚಿ ತೆರೆಯುವ ಪುರುಷಸಿಂಹರಿಗೆ ಹೇಳುವುದು ಏನೂ ಇಲ್ಲ. ಅವರ ಮನೆಯಲ್ಲಿ ಆ ರಾತ್ರಿಯಾದರೂ ಯಾರೂ ಎದುರು ಮಾತಾಡುವುದಿಲ್ಲ.

ಈಗ ಅಮೃತಾಪುರಕ್ಕೆ ಬರೋಣ. ತರೀಕೆರೆ ಸೀಮೆಯ ಯಾವ ಶಾಲೆಯ ಪ್ರದರ್ಶನಕ್ಕೇ ಹೋಗಿ, ಆ ಊರಿನ ಅಮೃತೇಶ್ವರ ದೇವಾಲಯದ ಒಂದಾದರೂ ಮಾಡೆಲ್ ಇರದಿದ್ದರೆ ಕೇಳಿ. ಅಸಲು ಗುಡಿ 1196ರದು. ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಅಲ್ಲಿನ ಶಾಸನ ಕವಿ ಜನ್ನನದು. ಮುಂದೆ ಹೆಸರಾಂತ ಶಿಲ್ಪಿಯಾದ ರೂವಾರಿ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಅಲ್ಲಿನ ಮಂಟಪದ ಒಳಮಾಳಿಗೆಯಲ್ಲಿ. ಮುಖ್ಯವಾದ ಮಾತೆಂದರೆ ಹೊಯ್ಸಳರ ಕಲ್ಲುಕುಟಿಗರು ಅಂಟನ್ನು ನಂಬಿದವರಲ್ಲ. ಬಳಪದ ಕಲ್ಲಿಗೆ ಕಲ್ಲು ಕೂರುವಂತೆ ಕೊರೆದು, ಗಾರೆಯ ಹಂಗಿಲ್ಲದೆ ಒಂದರೊಳಗೊಂದು ಕಚ್ಚಿಸಿ ಇಟ್ಟರು. ಎಂಟುನೂರು ವರ್ಷ ಮಿಕ್ಕಿದರೂ ಕೂತಿದೆ. ಅದರದೇ ಮಾಡೆಲಿಗೆ ನಮ್ಮ ಅಪ್ಪಂದಿರು ಕಾಲು ಕಿಲೋ ಫೆವಿಕಾಲ್, ಒಂದು ಹಿಡಿ ಫೆವಿಕ್ವಿಕ್, ಎರಡು ಅಂಗುಲದ ಸೆಲ್ಲೋಟೇಪಿನ ಉರುಳೆ ಖರ್ಚು ಮಾಡುತ್ತಾರೆ. ಆಟೋದಲ್ಲಿ ಶಾಲೆ ತಲುಪುವ ಹೊತ್ತಿಗೆ ಕಲಶ ಅಮ್ಮನ ಮಡಿಲಲ್ಲಿ, ನಂದಿ ಆಟೋದ ಸೀಟಿನ ಸಂದಿಯಲ್ಲಿ.

ಮೊದಲು ಕೈ ಕೊಡುವುದು ಅಂಟಲ್ಲ, ಅಳತೆ. ಗೋಡೆಯ ಒಂದು ಹಾಳೆ ಕಾಲಂಗುಲ ಓರೆ ಕತ್ತರಿಸಿರುತ್ತದೆ. ಅಂಟು ಹಾಕುವ ಮೊದಲು ಒಮ್ಮೆ ಬರೀ ಜೋಡಿಸಿ ನೋಡಿದ್ದರೆ ತಿಳಿಯುತ್ತಿತ್ತು. ನೋಡುವುದಿಲ್ಲ. ಸಂದಿ ಕಂಡಲ್ಲಿ ಅಂಟು ಸುರಿಯುವುದು ನಮ್ಮ ಶಾಸ್ತ್ರ. ಫೆವಿಕಾಲಾದರೆ ಅದರೊಳಗಿನ ನೀರು ಆರಿಯೇ ಗಟ್ಟಿಯಾಗಬೇಕು. ಮರ, ರಟ್ಟು ಆ ನೀರನ್ನು ಹೀರಿಕೊಳ್ಳುತ್ತವೆ. ಎರಡು ಥರ್ಮಾಕೋಲ್ ಹಲಗೆಗಳ ನಡುವೆ ಸಿಕ್ಕಿದ ಫೆವಿಕಾಲಿಗೆ ಗಾಳಿ ಎಲ್ಲಿಂದ ಬರಬೇಕು? ಅಂಚು ಒಣಗುತ್ತದೆ, ನಡುವೆ ದಿನಗಟ್ಟಲೆ ಹಸಿ. ಬೆಳಗ್ಗೆ ಗಟ್ಟಿಯಾಗಿದೆ ಎಂದು ಎತ್ತಿದರೆ ಗರ್ಭಗುಡಿ ಮೆಲ್ಲಗೆ ಸುಕನಾಸಿಯಿಂದ ಜಾರಿ ಈಚೆ ಬರುತ್ತದೆ. ಅಂಟು ಜಾಸ್ತಿಯಾದಷ್ಟೂ ಒಣಗುವುದು ನಿಧಾನ ಎಂಬ ಮಾತನ್ನು ನೀವು ಯಾವ ಅಪ್ಪನಿಗೆ ಬೇಕಾದರೂ ಹೇಳಿ ನೋಡಿ. “ಇರ್ಲಿ ಬಿಡಿ, ಸೇಫ್ಟಿಗೆ” ಎಂದು ಇನ್ನೊಂದಿಷ್ಟು ಸುರಿಯುತ್ತಾನೆ.

ಆಮೇಲೆ ಬಣ್ಣ. ಕಲ್ಲಿನ ಬಣ್ಣ ಬರಲೆಂದು ಬೈಕಿನ ಟ್ಯಾಂಕಿಗೆ ಹೊಡೆಯುವ ಸ್ಪ್ರೇ ಡಬ್ಬ ತರುತ್ತಾರೆ. ಅದರ ದ್ರಾವಕವೂ ಥರ್ಮಾಕೋಲ್ ತಿನ್ನುವ ಜಾತಿ. ಶಿಖರ ಕಣ್ಣೆದುರೇ ಕುಗ್ಗಿ ಕುಕ್ಕರಿಸುತ್ತದೆ. ಪೋಸ್ಟರ್ ಕಲರ್ರೋ, ಗೋಡೆಗೆ ಬಳಿದು ಉಳಿದ ಡಿಸ್ಟೆಂಪರೋ ಸಾಕಿತ್ತು. ನೀರಿನ ಬಣ್ಣ ಥರ್ಮಾಕೋಲಿಗೆ ಏನೂ ಮಾಡುವುದಿಲ್ಲ. ಅಷ್ಟು ಅಗ್ಗದ್ದು ದೇವಸ್ಥಾನಕ್ಕೆ ಶೋಭೆಯಲ್ಲವಲ್ಲ.

ಇಷ್ಟಾದರೂ ಧೃತಿಗೆಡದವರು ಗೋಡೆಯ ಶಿಲ್ಪಗಳಿಗೆ ಕೈಹಾಕುತ್ತಾರೆ. ಅಮೃತೇಶ್ವರದ ಮಂಟಪದ ಹೊರಗೋಡೆಯಲ್ಲಿ ನೂರನಲವತ್ತು ಫಲಕಗಳಿವೆ. ದಕ್ಷಿಣದ ಎಪ್ಪತ್ತರಲ್ಲಿ ರಾಮಾಯಣ, ಉತ್ತರದಲ್ಲಿ ಕೃಷ್ಣನ ಕಥೆ ಮತ್ತು ಮಹಾಭಾರತ. ರಾಮಾಯಣ ಮಾತ್ರ ಅಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಹೊಯ್ಸಳ ಗುಡಿಗಳ ವಾಡಿಕೆ ಹಾಗಲ್ಲ. ಇದು ತಿಳಿಯದ ಭಕ್ತಾದಿ ಅಪ್ಪ ಪ್ರದಕ್ಷಿಣೆ ಬರುತ್ತಲೇ ಮೊಬೈಲಿನಲ್ಲಿ ಫೋಟೋ ಹೊಡೆದು, ಅದೇ ಕ್ರಮದಲ್ಲಿ ನಂಬರು ಹಾಕಿ, ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟು ತೆಗೆಸಿ, ಕಾಂಡಗಳ ಹೆಸರಿನ ಚೀಟಿಗಳ ಸಮೇತ ಅಂಟಿಸುತ್ತಾನೆ. ಬಾಲಕಾಂಡ ಎಂಬ ಚೀಟಿಯ ಕೆಳಗೆ ಯುದ್ಧ ನಡೆದಿರುತ್ತದೆ. ಯಾರೋ ತಿಳಿದವರು ತೋರಿಸಿಕೊಟ್ಟರೂ ಬದಲಿಸುವಂತಿಲ್ಲ, ಅಂಟಿಸಿರುವುದು ರಟ್ಟಿನ ಮೇಲೆ, ಫೆವಿಕ್ವಿಕ್ಕಿನಲ್ಲಿ. ಆ ಇಡೀ ದೇವಾಲಯದಲ್ಲಿ ಗಟ್ಟಿಯಾಗಿ ನಿಂತ ಭಾಗ ಅದೊಂದೇ.

ಅಂಟಿಗೆ ಆತುರ ಸಲ್ಲದೆಂದು ಬಲ್ಲವರೂ ಇದ್ದಾರೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆಗಳ ಕೈಕಾಲು ಜೋಡಿಸುವುದಕ್ಕೆ ಹುಣಸೆಬೀಜವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಅರೆದ ಸರಿ ಬಳಸುತ್ತಾರೆ. ಒಂದು ಪದರ ಆರಿದ ಮೇಲೆಯೇ ಮುಂದಿನದು. ಅವರಿಗೆ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಮಾಡೆಲ್ ತರಬೇಕೆಂದು ಡೈರಿಯಲ್ಲಿ ಯಾರೂ ಬರೆದುಕೊಡುವುದಿಲ್ಲ.

ಹವಾಮಾನಕ್ಕೂ ಒಂದು ಪಾಲು ಕೊಡಬೇಕು. ಕಡೂರು ಬಯಲುಸೀಮೆ, ಮೋಡ ಬಂದರೂ ಮುಂದಕ್ಕೆ ಹೋಗುವ ಊರು, ತರೀಕೆರೆ ಅರೆಮಲೆನಾಡು. ಮೂವತ್ತು ನಲವತ್ತು ಕಿಲೋಮೀಟರಿನಲ್ಲಿ ಅಂಟಿನ ಗುಣವೇ ಬೇರೆಯಾಗುತ್ತದೆ. ಕಡೂರಿನ ಫೆಬ್ರವರಿಯ ಒಣಹವೆಯಲ್ಲಿ ಫೆವಿಕಾಲ್ ಚುರುಕಾಗಿ ಆರುತ್ತದೆ, ತೇವ ಬೇಡುವ ಫೆವಿಕ್ವಿಕ್ ಸೋಮಾರಿಯಾಗುತ್ತದೆ. ಜೋಡಣೆಯ ಮೇಲೊಮ್ಮೆ ‘ಹಾ’ ಎಂದು ಬಾಯಿಯ ಹಬೆ ಬಿಟ್ಟರೆ ಹಿಡಿದುಕೊಳ್ಳುತ್ತದೆ. ತರೀಕೆರೆಯ ಜುಲೈನಲ್ಲಿ ಎಲ್ಲ ತಿರುಗಾಮುರುಗಾ. ಫೆವಿಕಾಲ್ ಮರುದಿನವೂ ಹಸಿ, ಫೆವಿಕ್ವಿಕ್ ಮುಟ್ಟುವ ಮೊದಲೇ ಗಟ್ಟಿ. ಸಾಲದ್ದಕ್ಕೆ ಅದರ ಆವಿ ತೇವದೊಂದಿಗೆ ಸೇರಿ ಸುತ್ತಲೂ ಬಿಳಿ ಮಬ್ಬಾಗಿ ಕೂರುತ್ತದೆ. ಹೊಗೆಯಿಂದ ಬಚಾವಾಗಿ ಉಳಿದಿದ್ದ ಕರಿ ಕುರಿಮರಿಗೆ ರಾತ್ರಿ ಬೆಳಗಾಗುವುದರೊಳಗೆ ನರೆ ಬಂದದ್ದು ಹೀಗೆ. ಪೊಲೀಸರು ಬೆರಳಚ್ಚು ಎತ್ತಲು ಬಳಸುವುದೂ ಇದೇ ಆವಿಯನ್ನೇ. ಮಾಡೆಲ್ ಮಾಡಿದ್ದು ಮಗುವೋ ಅಪ್ಪನೋ ಎಂದು ತೀರ್ಪುಗಾರರು ತಿಳಿಯಬಯಸಿದರೆ ಸಾಕ್ಷ್ಯ ಅಂಟಿಕೊಂಡೇ ಇರುತ್ತದೆ. ತಿಳಿಯಬಯಸಿದ ತೀರ್ಪುಗಾರರನ್ನು ನಾನಂತೂ ಕಂಡಿಲ್ಲ.

ಅಪ್ಪಂದಿರದ್ದು ಈ ಕಥೆಯಾದರೆ ತಾತಂದಿರದ್ದು ಇನ್ನೊಂದು. ಕಡೂರಿನ ನಿವೃತ್ತ ಹಿರಿಯರೊಬ್ಬರಿಗೆ ಮೊಮ್ಮಗನಿಗಾಗಿ ತರೀಕೆರೆ–ನರಸಿಂಹರಾಜಪುರದ ಹಳೆಯ ಪುಟ್ಟ ರೈಲನ್ನು ಮಾಡಿಕೊಡುವ ಹುರುಪು. ಮೈಸೂರು ಸಂಸ್ಥಾನದ ಕಾಲದಲ್ಲಿ ಎರಡಡಿ ಅಗಲದ ಹಳಿಯ ಮೇಲೆ ಕಾಡಿನ ನಡುವೆ ಓಡಾಡಿ, ಎಂದೋ ಮುಚ್ಚಿಹೋದ ಲೈನು ಅದು. ಬೋಗಿಗೆ ಬೆಂಕಿಪೊಟ್ಟಣ, ಹಳಿಗೆ ಛತ್ರಿ ಕಡ್ಡಿ, ಗಾಲಿಗೆ ಅಂಗಿಯ ಗುಂಡಿ. ಚಿಮಟದಿಂದ ಎತ್ತಿದ ಒಂದು ಕೆಂಪು ಗುಂಡಿ ಟಿಣ್ಣೆಂದು ಹಾರಿ ಕೆಂಪು ಆಕ್ಸೈಡ್ ನೆಲದ ಮೇಲೆ ಬಿತ್ತು. ಕೆಂಪಿನ ಮೇಲೆ ಕೆಂಪು. ಮನೆಮಂದಿಯೆಲ್ಲ ಮೊಣಕಾಲೂರಿ ಹುಡುಕಿದರು. ಬೆಳಗ್ಗೆ ಪೊರಕೆಗೆ ಸಿಕ್ಕಿ ಅದು ಪುರಸಭೆಯ ಕಸದ ಗಾಡಿ ಹತ್ತಿ ಹೋಯಿತು. ಬೇರೆ ಗುಂಡಿ ಹಾಕಿದರು. ಗಾಲಿಯ ಪಕ್ಕಕ್ಕೆ ತುಸುವೇ ತುಸು ಅಂಟು ಮುಟ್ಟಿಸಿದರು. ತೆಳು ಅಂಟು ಕಿರಿದಾದ ಸಂದಿ ಕಂಡರೆ ತಾನಾಗಿಯೇ ಒಳಕ್ಕೆ ಹರಿದುಹೋಗುತ್ತದೆ; ಹರಿಯಿತು, ಅಚ್ಚಿಗೂ ಗಾಲಿಗೂ ಮದುವೆ ಮಾಡಿಸಿತು. ರೈಲು ತಳ್ಳಿದರೆ ಉಜ್ಜುತ್ತ ಜಾರುತ್ತದೆ, ಉರುಳುವುದಿಲ್ಲ. ಆ ಲೈನಿನಲ್ಲಿ ಈಗ ರೈಲು ಓಡುವುದಿಲ್ಲವಾದ್ದರಿಂದ ಮಾಡೆಲ್ ಇತಿಹಾಸಕ್ಕೆ ನಿಷ್ಠವಾಗಿದೆ ಎಂದು ಹಿರಿಯರು ಪಟ್ಟು ಹಿಡಿದರು.

ಅಜ್ಜಂಪುರದ್ದು ಅಮೃತಮಹಲ್ ಹೋರಿ. 1929ರಿಂದ ತಳಿ ಸಂವರ್ಧನಾ ಕೇಂದ್ರ ಇರುವ ಊರು. ಅಲ್ಲಿಯ ಮಕ್ಕಳು ಬೇರೆ ಏನು ಮಾಡಿಯಾರು? ಮಣ್ಣಿನ ಹೋರಿ ಚೆನ್ನಾಗಿಯೇ ಬರುತ್ತದೆ. ಕಷ್ಟವೆಲ್ಲ ಕೋಡಿನಲ್ಲಿ. ಅಮೃತಮಹಲಿನ ಕೋಡು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಚೂಪಾಗಿ ಮೇಲೇರುವಂಥದ್ದು. ಪೊರಕೆಕಡ್ಡಿಯನ್ನು ಬಾಗಿಸಿ, ಬಣ್ಣ ಬಳಿದು ಮುಗಿದ ತಲೆಯ ಮೇಲೆ ಅಂಟಿಸುತ್ತಾರೆ. ಅಂಟು ತಲೆಗೆ ಹಿಡಿಯುವುದಿಲ್ಲ, ಬಣ್ಣಕ್ಕೆ ಹಿಡಿಯುತ್ತದೆ. ಕೋಡು ಸಿಪ್ಪೆಯ ಸಮೇತ ಕಳಚಿ ಬರುತ್ತದೆ. ಬಣ್ಣ ಕೆರೆದು, ಸೂಜಿಯಲ್ಲಿ ತೂತು ಮಾಡಿ, ಒಳಗೊಂದು ತಂತಿ ತೂರಿಸಿ ನಿಲ್ಲಿಸಿದ್ದರೆ ಅಂಟು ಇಲ್ಲದೆಯೂ ನಿಲ್ಲುತ್ತಿತ್ತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬಂದು, ಹೈದರ್–ಟಿಪ್ಪು ಸೈನ್ಯದ ಫಿರಂಗಿ ಎಳೆದ ತಳಿ ಇದು. ಪ್ರದರ್ಶನದಲ್ಲಿ ಫ್ಯಾನು ಹಾಕಿದ ಕೂಡಲೇ ಕೋಡುದುರಿಸಿಕೊಂಡು ನಿಲ್ಲುತ್ತದೆ. ಪಕ್ಕದಲ್ಲಿ ನಿಂತ ಹುಡುಗ ಮಾತ್ರ ಬಾಯಿಪಾಠ ನಿಲ್ಲಿಸುವುದಿಲ್ಲ, “ಇದರ ವೈಶಿಷ್ಟ್ಯ ಇದರ ಕೋಡುಗಳು.”

ಎಲ್ಲಕ್ಕಿಂತ ಹೆಚ್ಚು ಜನ ಸೇರುವುದು ಭದ್ರಾ ಮೇಲ್ದಂಡೆ ಯೋಜನೆಯ ಮೇಜಿಗೆ. ತುಂಗೆಯಿಂದ ಭದ್ರೆಗೆ 17.40 ಟಿಎಂಸಿ, ಭದ್ರೆಯಿಂದ ಅಜ್ಜಂಪುರದ ಸುರಂಗಕ್ಕೆ 29.90 ಟಿಎಂಸಿ, ಅಲ್ಲಿಂದ ಚಿತ್ರದುರ್ಗ, ತುಮಕೂರಿನವರೆಗೆ ಎರಡೂಕಾಲು ಲಕ್ಷ ಹೆಕ್ಟೇರಿಗೆ ನೀರು. ಮಗು ಒಂದೇ ಉಸಿರಿಗೆ ಒಪ್ಪಿಸುತ್ತದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ 5,300 ಕೋಟಿ ರೂಪಾಯಿ ಎಲ್ಲಿಗೆ ಬಂತು ಎಂದು ಕೇಳಿದರೆ ಮಗು ಟೀಚರ ಮುಖ ನೋಡುತ್ತದೆ, ಟೀಚರು ಮುಖ್ಯ ಅತಿಥಿಗಳ ಮುಖ ನೋಡುತ್ತಾರೆ, ಮುಖ್ಯ ಅತಿಥಿಗಳು ಫೋನು ನೋಡುತ್ತಾರೆ. ಮಾಡೆಲಿನಲ್ಲಿ ಸುರಂಗಕ್ಕೆ ವೈರಿಂಗ್ ಪೈಪು, ಕಾಲುವೆಗೆ ಡ್ರಿಪ್ ಕೊಳವೆ, ಜಲಾಶಯಕ್ಕೆ ರಟ್ಟಿನ ಗೋಡೆ, ಗೋಡೆಗೆ ಫೆವಿಕಾಲ್. ಆ ಬಿಳಿ ಅಂಟು ನೀರಿನಲ್ಲಿ ನೆಂದರೆ ಮತ್ತೆ ಮೆತ್ತಗಾಗುತ್ತದೆ ಎಂದು ಯಾರೂ ನೆನೆಸಿರುವುದಿಲ್ಲ. ಅಂಥ ಕಡೆಗೆ ಎಂ-ಸೀಲ್ ಇದೆ, ಅರಾಲ್ಡೈಟ್ ಇದೆ. ಅವನ್ನಾದರೋ ಎರಡು ಪಾಲು ಸಮಸಮ ಕಲಸಬೇಕು. ಬೇಗ ಗಟ್ಟಿಯಾಗಲೆಂದು ಗಟ್ಟಿಮಾಡುವ ಪಾಲನ್ನೇ ಜಾಸ್ತಿ ಹಾಕಿ, ಕೊನೆಯವರೆಗೂ ಜಿಗುಟಾಗಿ ಉಳಿಸಿಕೊಂಡವರು ಇದ್ದಾರೆ. ಅತಿಥಿಗಳ ಕೈಯಲ್ಲಿ ಚೊಂಬು ಕೊಟ್ಟು ಉದ್ಘಾಟನೆ ಮಾಡಿಸಿದರು. ಎರಡು ನಿಮಿಷ ನೀರು ಸುರಂಗ ದಾಟಿತು, ಚಪ್ಪಾಳೆ ಬಿತ್ತು. ಮೂರನೇ ನಿಮಿಷಕ್ಕೆ ಜಲಾಶಯದ ಗೋಡೆ ಬಿಚ್ಚಿಕೊಂಡು ಅತಿಥಿಗಳ ಪ್ಯಾಂಟು ನೀರಾವರಿಗೆ ಒಳಪಟ್ಟಿತು. ಎರಡು ನಿಮಿಷವಾದರೂ ಹರಿಯಿತಲ್ಲ ಎಂದು ಹಿಂದೆ ನಿಂತ ರೈತರೊಬ್ಬರು ಸಮಾಧಾನಪಟ್ಟರು.

ಮೊದಲ ಬಹುಮಾನ ‘ಪ್ಲಾಸ್ಟಿಕ್ ಮುಕ್ತ ಕರ್ನಾಟಕ’ ಎಂಬ ಮಾಡೆಲಿಗೆ. ಥರ್ಮಾಕೋಲಿನ ಬೆಟ್ಟ, ಥರ್ಮಾಕೋಲಿನ ಮರ, ಥರ್ಮಾಕೋಲಿನ ಮೋಡ, ಮೇಲೆ ಮಿನುಗುವ ಪ್ಲಾಸ್ಟಿಕ್ ಅಕ್ಷರ. ರಾಜ್ಯದಲ್ಲಿ 2016ರ ಮಾರ್ಚ್ 11ರ ಪ್ಲಾಸ್ಟಿಕ್ ನಿಷೇಧದ ಆದೇಶದಲ್ಲೇ ಥರ್ಮಾಕೋಲಿನ ಹೆಸರಿತ್ತು. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಅಲಂಕಾರದ ಥರ್ಮಾಕೋಲಿಗೆ ನಿಷೇಧ ಬಿತ್ತು. ಆದೇಶದ ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ಅದೇ ಥರ್ಮಾಕೋಲ್ ಬೆಟ್ಟಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ್ದರು. ಅದೊಂದು ಮಾಡೆಲ್ ಮಾತ್ರ ಎಲ್ಲೂ ಕರಗಿರಲಿಲ್ಲ, ಸೊಟ್ಟಗಾಗಿರಲಿಲ್ಲ, ಅಂಟಿನ ಕಲೆ ಇರಲಿಲ್ಲ. ಇಷ್ಟು ನೀಟಾದದ್ದು ಹೇಗೆ ಎಂದು ತಿರುಗಿಸಿ ನೋಡಿದವರಿಗೆ ಅಡಿಯಲ್ಲಿ ಶಿವಮೊಗ್ಗದ ಅಂಗಡಿಯೊಂದರ ಬೆಲೆಚೀಟಿ ಕಂಡಿತು. ಬಹುಮಾನವಾಗಿ ಕೊಟ್ಟದ್ದು ಪ್ಲಾಸ್ಟಿಕ್ ನೀರಿನ ಬಾಟಲಿ.

ಕೊನೆಯಲ್ಲಿ ಮುಖ್ಯೋಪಾಧ್ಯಾಯರು ಮೈಕು ಹಿಡಿದು, ಮುಂದಿನ ವರ್ಷದಿಂದ ಪೋಷಕರು ಸಹಾಯ ಮಾಡುವಂತಿಲ್ಲ, ಮಕ್ಕಳೇ ಸ್ವತಃ ಮಾಡೆಲ್ ತಯಾರಿಸತಕ್ಕದ್ದು ಎಂದು ಘೋಷಿಸಿದರು. ಮಕ್ಕಳೆಲ್ಲ ಒಟ್ಟಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಅಪ್ಪಂದಿರಿಗೂ ತಟ್ಟುವ ಮನಸ್ಸಿತ್ತು. ಆದರೆ ಹಲವರ ಬೆರಳುಗಳು ಇನ್ನೂ ಬಿಟ್ಟಿರಲಿಲ್ಲ.